ಆಸ್ಪತ್ರೆ ದತ್ತಾಂಶ ವಿಶ್ಲೇಷಣೆ: ಇತಿಹಾಸ

ರೋಗಿ, ಚಿಕಿತ್ಸೆ, ಖರ್ಚು ಇವುಗಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿ, ಆರೈಕೆಯನ್ನೂ ಆಡಳಿತವನ್ನೂ ತಿದ್ದಿಕೊಳ್ಳುವ ಕೆಲಸವೇ ಆಸ್ಪತ್ರೆ ದತ್ತಾಂಶ ವಿಶ್ಲೇಷಣೆ. ಇದು ಕಂಪ್ಯೂಟರಿಗಿಂತ ಹಳೆಯದು.

1854ರ ನವೆಂಬರ್‌ನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸ್ಕುಟಾರಿಯ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದಾಗ ಸತ್ತವರ ಲೆಕ್ಕ ಒಂದು ಪುಸ್ತಕದಿಂದ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಕ್ರಿಮಿಯಾ ಯುದ್ಧ ಮುಗಿದ ಮೇಲೆ ಆಕೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ನೆರವಿನಿಂದ ಅಂಕಿಗಳನ್ನು ಜೋಡಿಸಿದರು. 1858ರಲ್ಲಿ ಹೊರಬಂದ ದುಂಡು ಚಿತ್ರದಲ್ಲಿ ಪ್ರತಿ ತಿಂಗಳಿಗೂ ಒಂದು ಎಸಳು: ತಡೆಯಬಹುದಾಗಿದ್ದ ರೋಗಗಳ ಸಾವು ನೀಲಿ, ಗಾಯದ ಸಾವು ಕೆಂಪು. ನೀಲಿಯ ಮುಂದೆ ಕೆಂಪು ತೀರಾ ಚಿಕ್ಕದಾಗಿ ಕಾಣುತ್ತದೆ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಬರೆಯಲಿ ಎಂದು 1860ರಲ್ಲಿ ಅವರು ಮುಂದಿಟ್ಟ ಸಲಹೆ ಮಾತ್ರ ಬಹುಕಾಲ ನಿಲ್ಲಲಿಲ್ಲ.

ಈ ಇತಿಹಾಸದಲ್ಲಿ ಅತ್ಯಂತ ಧೈರ್ಯದ ಪ್ರಯತ್ನ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್‌ ಅವರದು. ಪ್ರತಿ ರೋಗಿಗೂ ಒಂದು ಕಾರ್ಡು. ಅದರಲ್ಲಿ ರೋಗಲಕ್ಷಣ, ವೈದ್ಯರ ತೀರ್ಮಾನ, ಮಾಡಿದ ಚಿಕಿತ್ಸೆ. ಕೆಳಗೆ, ವರ್ಷ ಕಳೆದ ಮೇಲೆ ರೋಗಿಯನ್ನು ಮತ್ತೆ ಕರೆಸಿ ತುಂಬಬೇಕಾದ ಜಾಗ. ಗುಣವಾಗದಿದ್ದರೆ ಯಾಕೆ ಎಂಬುದನ್ನೂ ಬರೆಯಬೇಕು. ಮನೆಗೆ ಹೋದ ರೋಗಿ ಏನಾದ ಎಂಬ ಪ್ರಶ್ನೆಯನ್ನು ಆಸ್ಪತ್ರೆಯ ಕಾಗದದೊಳಗೆ ತಂದವರು ಇವರು. ಹಿರಿತನವೊಂದನ್ನೇ ನೋಡಿ ಬಡ್ತಿ ಕೊಡುವ ಪದ್ಧತಿಯನ್ನು ಒಪ್ಪದೆ 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಬಿಟ್ಟರು. ತಮ್ಮದೇ ಪುಟ್ಟ ಆಸ್ಪತ್ರೆಯಿಂದ 1911–1916ರ ನಡುವೆ ಬಿಡುಗಡೆಯಾದ 337 ರೋಗಿಗಳ ಆರೈಕೆಯಲ್ಲಿ 123 ತಪ್ಪುಗಳನ್ನು ಗುರುತಿಸಿ, ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದರು. ಅಷ್ಟು ತೆರೆದ ಲೆಕ್ಕ ಇಂದಿಗೂ ಅಪರೂಪ.

ಕಂಪ್ಯೂಟರ್ ಬಂದ ಮೇಲೆ ಲೆಕ್ಕದ ಗುರಿ ಹಣದ ಕಡೆ ವಾಲಿತು. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ರೋಗಿಗಳನ್ನು ಗುಂಪು ಮಾಡುವ ಕ್ರಮವೊಂದನ್ನು ರೂಪಿಸಿದ್ದು ಆಸ್ಪತ್ರೆಯ ಕೆಲಸವನ್ನು ಅಳೆಯಲು. ಅದೇ ಕ್ರಮವನ್ನು 1983ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಬಿಲ್ ಪಾವತಿಗೆ ಬಳಸಿಕೊಂಡಿತು. ಅಲ್ಲಿಂದಾಚೆಗೆ ಕೇಸ್ ಶೀಟಿನ ಮಾತು ಬಿಲ್ಲಿಂಗ್ ಕೋಡಾಗಿ ಬದಲಾಗತೊಡಗಿತು.

ಹಣದ ಲೆಕ್ಕವೂ ರೋಗಿಗೆ ಒದಗಬಹುದು. ದೇವಿ ಶೆಟ್ಟಿ ಬೆಂಗಳೂರಿನಲ್ಲಿ ಕಟ್ಟಿದ ನಾರಾಯಣ ಆಸ್ಪತ್ರೆಯಲ್ಲಿ ಹಿಂದಿನ ದಿನದ ಆದಾಯ, ಖರ್ಚು ಹಿರಿಯ ವೈದ್ಯರ ಮೊಬೈಲಿಗೆ ಎಸ್‌ಎಂಎಸ್ ಆಗಿ ಬರುವ ಏರ್ಪಾಡು ಹೆಸರಾಯಿತು. ತಿಂಗಳ ಕೊನೆಗೆ ತಿಳಿದು ಫಲವಿಲ್ಲ, ಇಂದೇ ತಿಳಿದರೆ ಇಂದೇ ಸರಿಪಡಿಸಬಹುದು, ಉಳಿದ ಹಣದಲ್ಲಿ ಬಡವರಿಗೂ ಹೃದಯ ಶಸ್ತ್ರಚಿಕಿತ್ಸೆ ಮಾಡಬಹುದು ಎಂಬುದು ಅದರ ಹಿಂದಿನ ತರ್ಕ. ಸರ್ಕಾರದ ಕಡೆಯಿಂದ 2008ರಲ್ಲಿ ದೇಶದ ಆರೋಗ್ಯ ಮಾಹಿತಿ ಜಾಲತಾಣ ಬಂತು. 2021ರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆರೋಗ್ಯ ಸಂಖ್ಯೆಯನ್ನು ದೇಶದುದ್ದಕ್ಕೂ ವಿಸ್ತರಿಸಿತು. ಸರ್ಕಾರಿ ಜಾಲತಾಣ ಸೇರುವ ಅಂಕಿಗಳಲ್ಲಿ ಹಲವು ಹುಟ್ಟುವುದು ಆರೋಗ್ಯ ಉಪಕೇಂದ್ರದ ಮೇಜಿನ ಮೇಲೆ, ಲಸಿಕೆ ಹಾಕಿ ಮುಗಿಸಿ ರಿಜಿಸ್ಟರ್ ತುಂಬುವ ಆರೋಗ್ಯ ಸಹಾಯಕಿಯ ಕೈಯಲ್ಲಿ. ಅವರಿಗೆ ಸಿಗುವ ಬಿಡುವು ಎಷ್ಟೋ, ಅಂಕಿಯ ನಿಜವೂ ಅಷ್ಟೇ.

ಅಳೆಯುವ ವಸ್ತುವೇ ತಪ್ಪಾದರೆ ಏನಾಗುತ್ತದೆ ಎಂಬುದನ್ನು 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನವೊಂದು ತೋರಿಸಿತು. ಯಾರಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸಲು ಅಮೆರಿಕದಲ್ಲಿ ಬಳಸುತ್ತಿದ್ದ ತಂತ್ರಾಂಶ ಕಾಯಿಲೆಯ ಬದಲು ಮುಂದೆ ಆಗಲಿರುವ ಖರ್ಚನ್ನು ಅಂದಾಜು ಮಾಡುತ್ತಿತ್ತು. ಕಪ್ಪು ಜನಾಂಗದ ರೋಗಿಗಳಿಗೆ ಬಿಳಿಯರಷ್ಟೇ ಕಾಯಿಲೆಯಿದ್ದರೂ ಅವರಿಗಾಗಿ ಖರ್ಚಾಗುತ್ತಿದ್ದ ಹಣ ಕಡಿಮೆ. ಹಾಗಾಗಿ ತಂತ್ರಾಂಶದ ಕಣ್ಣಿಗೆ ಅವರು ಆರೋಗ್ಯವಂತರು. ಈ ಅಂತರವನ್ನು ಸರಿಪಡಿಸಿದರೆ ಹೆಚ್ಚಿನ ನೆರವು ಪಡೆಯುವವರಲ್ಲಿ ಅವರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು.