ನಾರುಗಟ್ಟುವ ಲಿವರ್, ನಾಲ್ಕು ಅಂಕಿಯ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ರಕ್ತ ಪರೀಕ್ಷೆ ಮಾಡಿಸಿಕೊಂಡ ಸಕ್ಕರೆ ಕಾಯಿಲೆಯವರ ವರದಿಯಲ್ಲಿ ಬಹಳ ಸಲ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್ಲೆಟ್ ಎಂಬ ಮೂರು ಸಾಲುಗಳಿರುತ್ತವೆ. ವಯಸ್ಸು ಹೆಸರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಲಿವರ್ ಕಾಯಿಲೆಗಳ ಮೇಲೆ ನಾಲ್ಕು ದಶಕಗಳಿಂದ ನಡೆದ ಸಂಶೋಧನೆ ಕಲಬುರಗಿಯಂಥ ಊರಿಗೆ, ಅದಕ್ಕಿಂತ ಹೆಚ್ಚಾಗಿ ಕಮಲಾಪುರದಂಥ ತಾಲ್ಲೂಕಿಗೆ ಕೊಟ್ಟ ದೊಡ್ಡ ಉಪಕಾರವೆಂದರೆ ಈ ನಾಲ್ಕು ಅಂಕಿಗಳನ್ನು ಕೂಡಿಸಿ ಓದುವ ವಿದ್ಯೆ ಎಂಬುದು ನನ್ನ ವಾದ. ಹೊಸ ಔಷಧಿಗಳ ಸುದ್ದಿ ಇದಕ್ಕಿಂತ ಜೋರಾಗಿ ಕೇಳಿಸುತ್ತದೆ, ನಿಜ. ಆದರೆ ಯಾರಿಗೆ ಔಷಧಿ ಬೇಕು ಎಂಬುದೇ ಗೊತ್ತಿಲ್ಲದ ಕಡೆ ಔಷಧಿ ಯಾರ ಹೊಟ್ಟೆಗೂ ಸೇರುವುದಿಲ್ಲ.

ಲಿವರ್ ಕೆಟ್ಟಿತು ಎಂದರೆ ಒಂದೋ ಕುಡಿತ, ಇಲ್ಲವೇ ಕಾಮಾಲೆ ಎನ್ನುವುದು ಜನರ ತಿಳಿವಳಿಕೆ. ವೈದ್ಯಶಾಸ್ತ್ರದ ತಿಳಿವಳಿಕೆಯೂ ಬಹುಕಾಲ ಇದಕ್ಕಿಂತ ಬೇರೆ ಇರಲಿಲ್ಲ. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ವಿವರ ಪ್ರಕಟಿಸಿದರು. ಅವರ ಲಿವರ್ ಸೂಕ್ಷ್ಮದರ್ಶಕದಡಿ ಕುಡುಕರ ಲಿವರ್‌ನಂತೆಯೇ ಕಾಣುತ್ತಿತ್ತು, ಆದರೆ ಅವರು ಕುಡಿಯುವವರಾಗಿರಲಿಲ್ಲ. ಹೆಚ್ಚಿನವರು ದಪ್ಪಗಿದ್ದರು, ಹಲವರಿಗೆ ಸಕ್ಕರೆ ಕಾಯಿಲೆ ಇತ್ತು. ಜನ ಫ್ಯಾಟಿ ಲಿವರ್ ಎನ್ನುವ ಈ ಕಾಯಿಲೆಗೆ ಮುಂದೆ ಹಲವು ಹೆಸರುಗಳು ಬಂದವು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಹೆಸರಿನೊಳಗಿಂದ ಕುಡಿತದ ಮಾತನ್ನೇ ತೆಗೆದು, ಚಯಾಪಚಯದ ದೋಷಕ್ಕೆ ಅದನ್ನು ಜೋಡಿಸಿದರು. ಕುಡಿಯದವರಿಗೂ ಲಿವರ್ ಕಾಯಿಲೆ ಎಂದರೆ ಊರಲ್ಲಿ ಸಂಶಯದ ಕಣ್ಣು ಬೀಳುತ್ತದಲ್ಲ, ಆ ದೃಷ್ಟಿಯಿಂದ ಇದು ಬರೀ ಕಾಗದದ ಮೇಲಿನ ಬದಲಾವಣೆಯಲ್ಲ. ನಿಜವಾದ ತಿರುವು ಬಂದದ್ದು ಮಾತ್ರ 2015ರಲ್ಲಿ. 619 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪಾಲ್ ಆಂಗುಲೊ ತಂಡಕ್ಕೆ ಕಂಡದ್ದು ಇಷ್ಟು: ಆಯುಷ್ಯವನ್ನು ನಿರ್ಧರಿಸುವುದು ಲಿವರ್‌ನಲ್ಲಿ ಎಷ್ಟು ಕೊಬ್ಬಿದೆ ಎಂಬುದಲ್ಲ, ಅದು ಎಷ್ಟು ನಾರುಗಟ್ಟಿದೆ, ಅಂದರೆ ಗಾಯದ ಕಲೆಯಂತೆ ಎಷ್ಟು ಗಟ್ಟಿಯಾಗಿದೆ ಎಂಬುದು. ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದು ಓದಿ ಗಾಬರಿಯಾಗುವವರೂ, ‘ಗ್ರೇಡ್ 1’ ಎಂದು ಓದಿ ನಿಶ್ಚಿಂತರಾಗುವವರೂ ಇದನ್ನು ತಿಳಿದಿರಬೇಕು. ಆ ಗ್ರೇಡ್ ಕೊಬ್ಬಿನದು. ನಾರಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಗಾದರೆ ನಾರನ್ನು ಅಳೆಯುವುದು ಹೇಗೆ? ಮೊದಲಿದ್ದ ದಾರಿ ಸೂಜಿ ಚುಚ್ಚಿ ಲಿವರ್‌ನ ಚೂರು ತೆಗೆಯುವ ಬಯಾಪ್ಸಿ ಒಂದೇ. ಆ ಚೂರು ಇಡೀ ಲಿವರ್‌ನ ಐವತ್ತು ಸಾವಿರದಲ್ಲೊಂದು ಪಾಲು. ನೋವಿನದು, ಖರ್ಚಿನದು, ಲಕ್ಷಾಂತರ ಜನರಿಗೆ ಮಾಡುವಂಥದ್ದಲ್ಲ. 2003ರ ಹೊತ್ತಿಗೆ ಫ್ರಾನ್ಸ್‌ನಿಂದ ಫೈಬ್ರೋಸ್ಕ್ಯಾನ್ ಬಂತು. ಪಕ್ಕೆಯ ಮೇಲೆ ಇಟ್ಟ ಯಂತ್ರ ಸಣ್ಣದೊಂದು ಕಂಪನ ಕಳಿಸಿ, ಅದು ಎಷ್ಟು ಬೇಗ ಸಾಗಿತೆಂದು ನೋಡಿ ಲಿವರ್‌ನ ಗಡಸುತನ ಹೇಳುತ್ತದೆ. 2006ರಲ್ಲಿ ರಿಚರ್ಡ್ ಸ್ಟರ್ಲಿಂಗ್ ತಂಡ ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ಇದ್ದವರಿಗಾಗಿ ‘ಫಿಬ್-4’ ಎಂಬ ಲೆಕ್ಕ ಕಟ್ಟಿತು. ಅದೇ ಈಗ ಫ್ಯಾಟಿ ಲಿವರ್‌ನ ಮೊದಲ ಜರಡಿ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಸಾವಿರದ ಲೆಕ್ಕದಲ್ಲಿ ಪ್ಲೇಟ್ಲೆಟ್ ತೆಗೆದುಕೊಂಡು, ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ, ಅದರಿಂದ ಮೊದಲಿನದನ್ನು ಭಾಗಿಸಬೇಕು. 55 ವರ್ಷದವರೊಬ್ಬರ ಎಸ್‌ಜಿಒಟಿ 60, ಎಸ್‌ಜಿಪಿಟಿ 49, ಪ್ಲೇಟ್ಲೆಟ್ 1.5 ಲಕ್ಷ ಎಂದುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ‘ಸ್ವಲ್ಪ ಜಾಸ್ತಿ’, ‘ನಾರ್ಮಲ್’ ಎಂದು ವರದಿ ಮಡಚಿಡುವ ಅಂಕಿಗಳಿವು. ಕೂಡಿಸಿದರೆ 3300ನ್ನು 1050ರಿಂದ ಭಾಗಿಸಿ 3.14 ಬರುತ್ತದೆ. 1.3ಕ್ಕಿಂತ ಕೆಳಗಿದ್ದರೆ ಲಿವರ್ ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ, 2.67 ದಾಟಿದರೆ ತಜ್ಞರಲ್ಲಿಗೆ ಹೋಗಲೇಬೇಕು. ಹೊಸದಾಗಿ ರಕ್ತ ತೆಗೆಯದೆ, ಒಂದು ರೂಪಾಯಿ ಖರ್ಚಿಲ್ಲದೆ ಸಿಕ್ಕ ಎಚ್ಚರಿಕೆ ಇದು.

ಜೋಳದ ರೊಟ್ಟಿ, ತೊಗರಿ ಬ್ಯಾಳಿ ಉಣ್ಣುವ ನಮ್ಮ ಕಡೆ ಈ ಶಹರದ ರೋಗ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಹೈದರಾಬಾದಿನ ಐಟಿ ನೌಕರರಲ್ಲಿ 345 ಜನರನ್ನು ಪರೀಕ್ಷಿಸಿದಾಗ 84 ಶೇಕಡಾ ಮಂದಿಯ ಲಿವರ್‌ನಲ್ಲಿ ಕೊಬ್ಬು ಕಂಡಿತೆಂದು 2025ರಲ್ಲಿ ಪ್ರಕಟವಾದದ್ದು ಈ ನಂಬಿಕೆಯನ್ನು ಬಲಪಡಿಸಬಹುದು. ಆದರೆ ಅದಕ್ಕೂ ಹದಿನೈದು ವರ್ಷ ಹಿಂದೆ, 2010ರಲ್ಲಿ, ಪಶ್ಚಿಮ ಬಂಗಾಳದ ಹಳ್ಳಿಗಾಡಿನಲ್ಲಿ ನಡೆದ ಅಧ್ಯಯನ ಬೇರೆಯದೇ ಚಿತ್ರ ಕೊಟ್ಟಿತ್ತು. ಮೈಮುರಿದು ದುಡಿಯುವ ಆ ಬಡ ಜನರಲ್ಲೂ ಶೇಕಡಾ 8.7ರಷ್ಟು ಮಂದಿಗೆ ಫ್ಯಾಟಿ ಲಿವರ್ ಇತ್ತು, ಅವರಲ್ಲಿ ಮುಕ್ಕಾಲು ಪಾಲು ಜನ ದಪ್ಪಗಿರಲಿಲ್ಲ. 2022ರಲ್ಲಿ ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಇದರ ಪ್ರಮಾಣ ಶೇಕಡಾ 38.6. ರೊಟ್ಟಿಯನ್ನು ದೂರುವ ಕಾರಣವಿಲ್ಲ. ಅದರ ಜೊತೆ ದಿನವಿಡೀ ಸೇರುವ ಸಕ್ಕರೆ ಚಹಾ, ಬಾಟಲಿ ಪಾನೀಯ, ಕರಿದ ತಿಂಡಿಗಳ ಲೆಕ್ಕ ಯಾರೂ ಇಡುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ: ಔಷಧಿಯೇ ಕೈಗೆಟುಕದಿದ್ದಾಗ ರೋಗ ಹುಡುಕಿ ಏನು ಫಲ? ಔಷಧಿಯ ಇತಿಹಾಸ ಸೋಲುಗಳಿಂದ ತುಂಬಿದೆ ಎಂಬುದು ಸುಳ್ಳಲ್ಲ. ಸೆಲೊನ್‌ಸರ್ಟಿಬ್, ಎಲಾಫಿಬ್ರನಾರ್ ಕೊನೆಯ ಹಂತದ ಪ್ರಯೋಗಗಳಲ್ಲೇ ಬಿದ್ದವು. ಭಾರತದ್ದೇ ಆದ ಸಾರೋಗ್ಲಿಟಜಾರ್‌ಗೆ 2020ರಲ್ಲಿ ಈ ಕಾಯಿಲೆಗಾಗಿ ಇಲ್ಲಿ ಅನುಮತಿ ಸಿಕ್ಕಿತು. 2024ರ ಮಾರ್ಚ್‌ನಲ್ಲಿ ಅಮೆರಿಕ ರೆಸ್ಮೆಟಿರೋಮ್ ಅನ್ನು, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್ ಅನ್ನು ಇದಕ್ಕಾಗಿ ಒಪ್ಪಿತು. ಸೆಮಾಗ್ಲುಟೈಡ್ ಪ್ರಯೋಗದ ಮೊದಲ 800 ಜನರಲ್ಲಿ, 72 ವಾರದ ಬಳಿಕ, ಔಷಧಿ ಪಡೆದವರಲ್ಲಿ ಶೇಕಡಾ 37 ಮಂದಿಗೆ ನಾರು ತಗ್ಗಿತು. ಹುಸಿ ಮದ್ದು ಪಡೆದವರಲ್ಲಿ 22. ಒಳ್ಳೆಯ ಫಲಿತಾಂಶವೇ, ಪವಾಡವೇನಲ್ಲ. ಆದರೆ 2015ರ ಕ್ಯೂಬಾ ಅಧ್ಯಯನ ನೋಡಿ: ಊಟ, ನಡಿಗೆ ತಿದ್ದಿಕೊಂಡ 293 ಜನರಲ್ಲಿ ದೇಹತೂಕದ ಹತ್ತನೇ ಒಂದು ಪಾಲು ಇಳಿಸಿದವರ ಪೈಕಿ ಶೇಕಡಾ 90 ಮಂದಿಗೆ ಲಿವರ್‌ನ ಉರಿಯೂತ ಹೋಯಿತು, ಶೇಕಡಾ 45 ಮಂದಿಗೆ ನಾರೂ ಕಡಿಮೆಯಾಯಿತು. ಅಷ್ಟು ಇಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ, ಅದನ್ನು ಮುಚ್ಚಿಡಬಾರದು. ದಪ್ಪಗಿಲ್ಲದವರಿಗೆ ಅಷ್ಟು ಬೇಕಾಗಿಯೂ ಇಲ್ಲ: 2019ರ ಹಾಂಗ್‌ಕಾಂಗ್ ಅಧ್ಯಯನದಲ್ಲಿ ತೂಕದ 3ರಿಂದ 5 ಶೇಕಡಾ ಇಳಿಸಿದ ಅಂಥವರಲ್ಲಿ ಅರ್ಧದಷ್ಟು ಮಂದಿಯ ಲಿವರ್ ಕೊಬ್ಬಿನಿಂದ ಪಾರಾಯಿತು. 60 ಕಿಲೋ ತೂಗುವವರಿಗೆ ಅದು ಎರಡು ಮೂರು ಕಿಲೋ. ಕಮಲಾಪುರದಲ್ಲೂ ಸಿಗುವ ಚಿಕಿತ್ಸೆ ಇದು.

ಈ ಲೆಕ್ಕ ತಪ್ಪುವುದಿಲ್ಲವೇ? ತಪ್ಪುತ್ತದೆ. ವಯಸ್ಸು ಸೂತ್ರದೊಳಗೇ ಇರುವುದರಿಂದ 65 ದಾಟಿದವರಿಗೆ ಕೆಳಗಿನ ಗಡಿಯನ್ನು 1.3ರ ಬದಲು 2 ಎಂದು ಹಿಡಿಯಬೇಕು. 35ರ ಒಳಗಿನವರಲ್ಲಿ ಇದನ್ನು ನಂಬುವಂತಿಲ್ಲ. ಡೆಂಗಿ ಜ್ವರದಲ್ಲಿ ಪ್ಲೇಟ್ಲೆಟ್ ಕುಸಿದಾಗ ಮಾಡಿದ ಲೆಕ್ಕ ಸುಮ್ಮನೆ ಹೆದರಿಸುತ್ತದೆ. ಹೆಚ್ಚು ಅಂಕಿ ಬಂದವರೆಲ್ಲ ರೋಗಿಗಳಲ್ಲ, ಅವರಿಗೆ ಫೈಬ್ರೋಸ್ಕ್ಯಾನ್ ಆಗಬೇಕು ಅಷ್ಟೇ. ಈ ಲೆಕ್ಕದ ಬಲವಿರುವುದು ಯಾರು ಹೈದರಾಬಾದ್, ಸೊಲ್ಲಾಪುರ ಅಲೆಯಬೇಕಿಲ್ಲ ಎಂದು ಹೇಳುವುದರಲ್ಲಿ. 2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರ್ ಅನ್ನು ಸಕ್ಕರೆ, ಬಿಪಿ ಇರುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಆಶಾ ಕಾರ್ಯಕರ್ತೆಯರು ಸೊಂಟದ ಸುತ್ತಳತೆಯನ್ನು ಆಗಲೇ ಬರೆದುಕೊಳ್ಳುತ್ತಾರೆ. ರಕ್ತ ಪರೀಕ್ಷೆಯ ವರದಿಯ ಕೊನೆಗೆ ಫಿಬ್-4 ಎಂಬ ಒಂದು ಸಾಲು ಅಚ್ಚು ಮಾಡುವುದು ಲ್ಯಾಬ್‌ಗಳಿಗೆ ಕಷ್ಟದ ಕೆಲಸವಲ್ಲ, ಸರ್ಕಾರಿ ಲ್ಯಾಬ್‌ಗಳಿಂದಲೇ ಅದು ಶುರುವಾಗಲಿ. ಅಲ್ಲಿಯವರೆಗೆ, ಸಕ್ಕರೆ ಕಾಯಿಲೆ ಇದ್ದು ನಲವತ್ತು ದಾಟಿದವರು ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಳೆಯ ವರದಿಯನ್ನು ಮುಂದಿಟ್ಟು ಈ ಲೆಕ್ಕ ಹಾಕಿಕೊಡಿ ಎಂದು ಕೇಳಿ.