ಧಾರಾಪೂರ್ವಕ: ಭೂಮಿಯ ಹಸ್ತಾಂತರದಲ್ಲಿ ನೀರಿನ ಅರ್ಥ

ಕನ್ನಡನಾಡಿನ ಶಾಸನಗಳಲ್ಲಿ 'ಕಾಲಂ ಕರ್ಚಿ ಧಾರಾಪೂರ್ವಕಂ' ಎಂಬ ಮಾತು ಎಷ್ಟು ಪರಿಚಿತವೆಂದರೆ, ಓದುವವರ ಕಣ್ಣು ಅದರ ಮೇಲೆ ನಿಲ್ಲದೆಯೇ ಮುಂದೆ ಸಾಗುತ್ತದೆ. ಅದನ್ನು ದಾನಿಯ ಭಕ್ತಿಯ ಕುರುಹೆಂದಷ್ಟೇ ಎಣಿಸುವುದು ವಾಡಿಕೆ. ಆದರೆ ಅದು ವ್ಯವಹಾರಶಾಸ್ತ್ರದ ಮಾತೂ ಹೌದೆಂಬುದನ್ನು ತೋರಿಸಲು ನಾವು ದೂರ ಹೋಗಬೇಕಾಗಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಇದಕ್ಕೆ ಸಾಕ್ಷಿ.

ಗ್ರಾಮದವರು, ಜ್ಞಾತಿಗಳು, ಸಾಮಂತರು ಮತ್ತು ದಾಯಾದರು ಎಂಬೀ ನಾಲ್ವರ ಅನುಮತಿ, ಹಿರಣ್ಯದಾನ, ಉದಕದಾನ: ಈ ಆರರಿಂದ ಭೂಮಿಯು ಪರರಿಗೆ ಸಲ್ಲುತ್ತದೆಂಬ ಸ್ಮೃತಿವಚನವೊಂದನ್ನು ಆತನು ಎತ್ತಿಕೊಂಡು ಒಂದೊಂದಕ್ಕೂ ಕಾರಣ ಹೇಳುತ್ತಾನೆ. ಗ್ರಾಮದ ಅನುಮತಿ ವ್ಯವಹಾರವು ಎಲ್ಲರಿಗೂ ತಿಳಿಯಲೆಂದು. ಅದಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದೆಂದಲ್ಲ. ಸಾಮಂತರೆಂದರೆ ಇಲ್ಲಿ ಮಾಂಡಲಿಕರಲ್ಲ, ನೆರೆಹೊಲದವರು. ಅವರ ಸಮ್ಮತಿಯಿಂದ ಎಲ್ಲೆಯ ಜಗಳ ತಪ್ಪುತ್ತದೆ. ವಿಭಕ್ತರಾದ ಜ್ಞಾತಿಗಳನ್ನು ಕೇಳುವುದು, ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳಬಾರದೆಂದು. ಇದು ವೈದಿಕನ ಮಾತಿಗಿಂತ ನ್ಯಾಯಸ್ಥಾನವನ್ನು ಬಲ್ಲವನ ಮಾತಿನಂತಿದೆ.

ಹೊನ್ನು ಮತ್ತು ನೀರಿನ ವಿಷಯದಲ್ಲಿ ಆತನ ವಿವರಣೆ ಇನ್ನೂ ಸ್ವಾರಸ್ಯಕರವಾದುದು. ಸ್ಥಾವರದ ವಿಕ್ರಯವನ್ನು ಸ್ಮೃತಿ ನಿಷೇಧಿಸುತ್ತದೆ, ಭೂದಾನವನ್ನಾದರೋ ಹೊಗಳುತ್ತದೆ. ಆದುದರಿಂದ ಮಾರಲೇಬೇಕಾದಾಗಲೂ ಹೊನ್ನು ನೀರುಗಳನ್ನಿತ್ತು ದಾನದ ರೂಪದಲ್ಲಿಯೇ ಮಾರಬೇಕು. ಅಂದಮೇಲೆ ವಿಜಯನಗರ ಕಾಲದ ಶಾಸನಗಳ 'ಸಹಿರಣ್ಯೋದಕದಾನಧಾರಾಪೂರ್ವಕ'ವೆಂಬ ದೀರ್ಘಪದವನ್ನು ಕಂಡೊಡನೆ ವ್ಯವಹಾರವು ಶುದ್ಧ ದಾನವೆಂದು ನಿರ್ಣಯಿಸುವುದು ಅವಸರವಾದೀತು. ಕ್ರಯದ ಹಣ, 'ಮಾರುಗೊಂಡು' ಎಂಬಂಥ ಮಾತು ಪಾಠದಲ್ಲಿ ಎಲ್ಲಿಯಾದರೂ ಇದೆಯೇ ಎಂದು ಮೊದಲು ನೋಡಬೇಕು. ದಾನಗಳನ್ನು ಎಣಿಸಿ ಒಂದು ಕಾಲದ ಧರ್ಮಶ್ರದ್ಧೆಯನ್ನು ಅಳೆಯುವ ಪದ್ಧತಿಯ ಬಗ್ಗೆ ನಮಗಿರುವ ಮುಖ್ಯ ಆಕ್ಷೇಪಣೆ ಇದೇ. ಪಡೆದವನಿಗೆ ಆ ಭೂಮಿ 'ದಾನಾಧಿವಿಕ್ರಯಯೋಗ್ಯ'ವೆಂದು, ಎಂದರೆ ದಾನಮಾಡಲು, ಅಡವಿಡಲು, ಮಾರಲು ತಕ್ಕುದೆಂದು, ಸ್ಪಷ್ಟವಾಗಿ ಹೇಳುವ ಶಾಸನಗಳೂ ಇರುವುದನ್ನು ಮರೆಯಲಾಗದು.

ಕೊಟ್ಟರೆ ಸಾಲದು, ಪಡೆಯಲೂ ಬೇಕು. ತನ್ನ ಸ್ವತ್ವವನ್ನು ಬಿಟ್ಟು ಪರನ ಸ್ವತ್ವವನ್ನು ಉಂಟುಮಾಡುವುದೇ ದಾನ. ಪರನು ಸ್ವೀಕರಿಸದೆ ಅವನ ಸ್ವತ್ವ ಹುಟ್ಟದು. ಸ್ವೀಕಾರವು ಮಾನಸಿಕ, ವಾಚಿಕ, ಕಾಯಿಕವೆಂದು ಮೂರು ಬಗೆ. ವಸ್ತ್ರವನ್ನಾದರೆ ಕೈಯಿಂದ ಮುಟ್ಟಿ ಪಡೆಯಬಹುದು, ಹೊಲವನ್ನು ಹೇಗೆ? ಅದರ ಫಲವನ್ನು ಉಣ್ಣುವುದೇ ಅಲ್ಲಿ ಕಾಯಿಕ ಸ್ವೀಕಾರವೆಂದು ಮಿತಾಕ್ಷರದ ಉತ್ತರ. ಸ್ವಲ್ಪವೂ ಭೋಗವಿಲ್ಲದ ಆಗಮಕ್ಕೆ ಬಲವಿಲ್ಲ.

1882ರ ಸ್ವತ್ತು ಹಸ್ತಾಂತರಣ ಅಧಿನಿಯಮವು ಈ ಕ್ರಮವನ್ನು ಬದಲಿಸಿತು. ಅದರ 122ನೆಯ ಪ್ರಕರಣದಂತೆ ಪಡೆಯುವವನ ಸ್ವೀಕಾರ ಈಗಲೂ ಅವಶ್ಯ, ಅದೂ ದಾನಿಯು ಬದುಕಿರುವಾಗಲೇ ಆಗಬೇಕು. 123ನೆಯ ಪ್ರಕರಣವು ಸ್ಥಾವರದಾನಕ್ಕೆ ದಾನಿಯ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳು, ನೋಂದಣಿ ಇವನ್ನು ಕೇಳುತ್ತದೆ; ಹೊಲದ ಫಲವನ್ನು ಉಂಡನೇ ಎಂದು ಕೇಳುವುದಿಲ್ಲ.