ಮುಳುಗಡೆಯ ನಾಡಿನಲ್ಲಿ ಪಾಸ್ಖದ ಭರವಸೆ



ಪುನರುತ್ಥಾನರಾದ ಪ್ರಭು ಯೇಸು ಶಿಷ್ಯರಿಗೆ ಕಾಣಿಸಿಕೊಂಡು ಶಾಂತಿ ಕೋರಿದ ಮೇಲೆ ತೋರಿಸಿದ್ದು ತಮ್ಮ ಕೈಗಳನ್ನು ಮತ್ತು ಪಕ್ಕೆಯನ್ನು. ಮರಣವನ್ನು ಜಯಿಸಿದ ಆ ದೇಹದಲ್ಲಿ ಶಿಲುಬೆಯ ಗಾಯಗಳು ಉಳಿದಿದ್ದವು. ಪಾಸ್ಖ ಹಬ್ಬ ನಮ್ಮ ದುಃಖವನ್ನು ಅಳಿಸಿಹಾಕುವುದಿಲ್ಲ. ದುಃಖ ಹೊತ್ತುಕೊಂಡೇ ಹೊಸ ಬಾಳು ಆರಂಭಿಸುವ ಬಲ ಕೊಡುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಾವು ಈ ಸತ್ಯವನ್ನು ನಮ್ಮ ಚರಿತ್ರೆಯಿಂದಲೇ ಕಲಿಯಬಹುದು.

ನಮ್ಮಲ್ಲಿ ಅನೇಕ ಮನೆತನಗಳು ಘಟ್ಟದ ಕೆಳಗಿನಿಂದ ಬಂದವು. ಆ ಪೂರ್ವಜರ ಕಷ್ಟಕಾಲಕ್ಕೂ ನಮ್ಮ ಸೀಮೆಗೂ ನಂಟಿದೆ. ಕೆಳದಿ ಅರಸರ ರಾಜಧಾನಿ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, 1763ರಲ್ಲಿ ಹೈದರಾಲಿಯ ವಶವಾಯಿತು. ಕೆನರಾ ಕರಾವಳಿಯೂ ಅವನ ಕೈಸೇರಿತು. 1783ರಲ್ಲಿ ಇಂಗ್ಲಿಷರು ಹಿಡಿದ ಬಿದನೂರನ್ನು ಅದೇ ವರ್ಷ ಟಿಪ್ಪು ಸುಲ್ತಾನ ಮರಳಿ ಗೆದ್ದನು. ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಕೆನರಾದ ಕಥೋಲಿಕರ ಮೇಲೆ ಬಂತು. 1784ರ ವಿಭೂತಿ ಬುಧವಾರದ ದಿನ ಅವರ ಬಂಧನ ಆರಂಭವಾಯಿತೆಂದು ಚರಿತ್ರೆ ಹೇಳುತ್ತದೆ. ಚರ್ಚುಗಳನ್ನು ಕೆಡವಲಾಯಿತು. ಮಕ್ಕಳು ಮುದುಕರೆನ್ನದೆ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಜನ ಪ್ರಾಣ ಬಿಟ್ಟರು.

ಆ ತಪಸ್ಸುಕಾಲ ನಲವತ್ತು ದಿನಗಳಿಗೆ ಮುಗಿಯಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗುವವರೆಗೆ, ಹದಿನೈದು ವರ್ಷ, ಮುಂದುವರಿಯಿತು. ಬದುಕುಳಿದು ಮರಳಿದವರು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಕೆಡವಲಾಗಿದ್ದ ಮಂಗಳೂರಿನ ರೊಜಾರಿಯೊ ದೇವಾಲಯ 1813ರಲ್ಲಿ ಮತ್ತೆ ಎದ್ದು ನಿಂತಿತು. ಇದನ್ನು ನಾವು ನೆನೆಯುವುದು ಯಾರ ಮೇಲೂ ಹಗೆ ಸಾಧಿಸಲು ಅಲ್ಲ. ವಿಶ್ವಾಸದ ದೀಪ ಸೆರೆಯಲ್ಲೂ ಆರಲಿಲ್ಲವೆಂದು ದೇವರಿಗೆ ಸ್ತೋತ್ರ ಸಲ್ಲಿಸಲು.

ನಮ್ಮ ಹಿರಿಯರ ನೆನಪಿನಲ್ಲೇ ಇರುವ ಇನ್ನೊಂದು ದುಃಖವಿದೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದವು. ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಸೇರಿತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲಿ ಮುಳುಗಿತು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ, ನಮ್ಮ ತಪಸ್ಸುಕಾಲ, ಪಾಸ್ಖಕಾಲಗಳ ಹೊತ್ತಿಗೆ, ಆ ಹಳೆಯ ಕಟ್ಟಡ ಮತ್ತೆ ಕಾಣುತ್ತದೆ. ಮುಳುಗಿದ ಗದ್ದೆ, ತೋಟ ಮಾತ್ರ ಮರಳಿ ಬರಲಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ಸಾವಿರಾರು ಕುಟುಂಬಗಳು ಬೇರೆಡೆ ಕಾಡಂಚಿನಲ್ಲಿ ಬದುಕು ಕಟ್ಟಬೇಕಾಯಿತು. ಆರು ದಶಕ ಕಳೆದರೂ ಹಲವರ ಭೂಮಿಯ ಹಕ್ಕು ಇತ್ಯರ್ಥವಾಗಿಲ್ಲ. ಹಿನ್ನೀರಿನ ಆಚೆಯ ತುಮರಿ ಸೀಮೆಯವರು ಲಾಂಚಿಗೆ ಕಾದು ದಿನ ಕಳೆದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು.

ಬಾಬಿಲೋನಿಗೆ ಸೆರೆ ಹೋದ ಜನರಿಗೆ ಪ್ರವಾದಿ ಯೆರೆಮೀಯ ಒಂದು ಪತ್ರ ಬರೆದರು. ನಾಳೆಯೇ ಬಿಡುಗಡೆ ಎಂಬ ಸುಳ್ಳು ಸಮಾಧಾನ ಅದರಲ್ಲಿಲ್ಲ. ಇದ್ದ ಜಾಗದಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿರಿ ಎಂಬುದೇ ಅವರ ಬುದ್ಧಿವಾದ. ಕ್ರೈಸ್ತ ಭರವಸೆಯ ದಾರಿಯೂ ಇದೇ. ಕಳೆದುಕೊಂಡದ್ದು ಹಾಗೆಯೇ ಕೈಸೇರುತ್ತದೆಂದು ನಾವು ಕಾಯುವುದಿಲ್ಲ. ಕಳೆದುಕೊಂಡ ಸ್ಥಳದಲ್ಲೂ ಕ್ರಿಸ್ತರು ನಮ್ಮೊಂದಿಗೆ ಇದ್ದಾರೆಂದು ನಂಬಿ, ಮುಂದಿನ ಸಸಿ ನೆಡುತ್ತೇವೆ.

ಪ್ರಿಯರೇ, ಈ ಹಬ್ಬದಂದು ನಮ್ಮ ಧರ್ಮಕೇಂದ್ರದಲ್ಲಿ ಯಾರ ಮನೆಯಲ್ಲಿ ಈ ವರ್ಷ ಸಾವಾಗಿದೆ ಎಂದು ನೆನೆಯೋಣ. ಅವರಿಗೆ ‘ಅಳಬೇಡಿ’ ಎನ್ನುವುದು ಬೇಡ; ಲಾಜರನ ಸಮಾಧಿಯ ಬಳಿ ಪ್ರಭುವೂ ಅತ್ತರು. ಅವರ ಮನೆಗೆ ಹೋಗಿ, ಜೊತೆಯಲ್ಲಿ ಕುಳಿತು, ಜಪಸರ ಪ್ರಾರ್ಥಿಸೋಣ. ಹಕ್ಕುಪತ್ರಕ್ಕಾಗಿ ಕಚೇರಿಗೆ ಅಲೆಯುವ ನೆರೆಯವರು ಯಾವ ಜಾತಿ ಧರ್ಮದವರೇ ಆಗಿರಲಿ, ಅರ್ಜಿ ಬರೆದುಕೊಟ್ಟು, ಜೊತೆಗೆ ನಡೆಯೋಣ. ಗಾಯಗಳೊಂದಿಗೆ ಎದ್ದು ಬಂದ ಪ್ರಭು ನಮ್ಮ ಮೂಲಕ ಅವರ ಮನೆಬಾಗಿಲಿಗೂ ಶಾಂತಿಯನ್ನು ತರಲಿ. ಎಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು.